ಅರಿತು ಉಂಡ ಮಹಾತ್ಮ

ಹಸಿವು ಎಲ್ಲ ಪ್ರಾಣಿಗಳಿಗೂ ಸಮಾನವಾದುದು. ಹಸಿದಾಗ ಹುಲಿ ಬೇಟೆಯಾಡುತ್ತದೆ, ಹಸು ಮೇಯುತ್ತದೆ, ಮನುಷ್ಯನೂ ಉಣ್ಣುತ್ತಾನೆ. ಆದರೆ ಏನನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು, ಏತಕ್ಕಾಗಿ ಉಣ್ಣಬೇಕು ಎಂದು ವಿವೇಚಿಸುವ ಶಕ್ತಿ ಮನುಷ್ಯನಿಗೆ ವಿಶೇಷವಾಗಿ ಒದಗಿದೆ. ಈ ಶಕ್ತಿಯನ್ನು ನಾವು ದಿನವೂ ಬಳಸುವುದಿಲ್ಲ. ತಟ್ಟೆಯ ಮುಂದೆ ಕುಳಿತಾಗ ಕೈ ತುತ್ತನ್ನು ಎತ್ತುತ್ತಿರುತ್ತದೆ. ಮನಸ್ಸು ಮತ್ತೆಲ್ಲೋ ಅಲೆಯುತ್ತಿರುತ್ತದೆ. ಕೈ ತೊಳೆದು ಎದ್ದ ಮೇಲೆ ಏನು ಉಂಡೆವೆಂದು ಯಾರಾದರೂ ಕೇಳಿದರೆ ನೆನಪು ಮಾಡಿಕೊಂಡು ಹೇಳಬೇಕಾಗುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲವೆಂದು ನಮ್ಮ ಹಿರಿಯರು ಗಾದೆ ಮಾಡಿದ್ದಾರೆ. ಊಟ ಮಾಡುವವರೆಲ್ಲರೂ ಊಟ ಬಲ್ಲವರಲ್ಲ ಎಂಬ ಎಚ್ಚರಿಕೆಯೂ ಆ ಗಾದೆಯಲ್ಲಿ ಅಡಗಿದೆ.

ಮಹಾತ್ಮ ಗಾಂಧೀಜಿಯವರನ್ನು ನಾವು ಸ್ವಾತಂತ್ರ್ಯ ಸಂಗ್ರಾಮದ ನಾಯಕರೆಂದೂ ಸತ್ಯ ಅಹಿಂಸೆಗಳ ಉಪಾಸಕರೆಂದೂ ಬಲ್ಲೆವು. ಒಂದು ದೊಡ್ಡ ಸಾಮ್ರಾಜ್ಯವನ್ನು ಎದುರಿಸಿ ನಿಂತ ಈ ಪುರುಷರು ತಮ್ಮ ಊಟದ ಬಟ್ಟಲನ್ನು ಕೂಡ ಅಷ್ಟೇ ಶ್ರದ್ಧೆಯಿಂದ ಗಮನಿಸಿದವರು. ಅವರ ಆತ್ಮಕಥೆಗೆ ಸತ್ಯದ ಪ್ರಯೋಗಗಳೆಂಬ ಹೆಸರಿದೆ. ಆ ಪ್ರಯೋಗಗಳಲ್ಲಿ ಎಷ್ಟೋ ನಡೆದುದು ಅಡಿಗೆಮನೆಯಲ್ಲಿ. ರಾಜಕೀಯದ ಕಥೆಯನ್ನು ಓದಲು ಹೊರಟವರಿಗೆ ಹಾಲು, ಉಪ್ಪು, ಬೇಳೆ, ಹಿಟ್ಟುಗಳ ಮಾತು ಅಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಸತ್ಯಕ್ಕೂ ಊಟಕ್ಕೂ ಏನು ಸಂಬಂಧವೆಂದು ಆಶ್ಚರ್ಯವಾಗಬಹುದು. ಅವರ ಬಾಳನ್ನು ಮೊದಲಿನಿಂದ ನೋಡುತ್ತ ಬಂದರೆ ಆ ಸಂಬಂಧ ತಾನಾಗಿಯೇ ತಿಳಿಯುತ್ತದೆ.

ಮೋಹನದಾಸ ಗಾಂಧಿಯವರು 1869ನೆಯ ಅಕ್ಟೋಬರ್ 2ರಂದು ಗುಜರಾತಿನ ಪೋರಬಂದರಿನಲ್ಲಿ ಜನಿಸಿದರು. ತಂದೆ ಕರಮಚಂದ ಗಾಂಧಿಯವರು ಸಂಸ್ಥಾನದ ದಿವಾನರು. ತಾಯಿ ಪುತಲೀಬಾಯಿಯವರು ವ್ರತನಿಷ್ಠೆಯುಳ್ಳ ಸಾಧ್ವಿ. ಮಳೆಗಾಲದ ಚಾತುರ್ಮಾಸ್ಯದಲ್ಲಿ ಒಪ್ಪೊತ್ತು ಊಟ ಮಾಡುವುದು ಆಕೆಗೆ ರೂಢಿಯಾಗಿತ್ತು. ಒಂದು ವರ್ಷ ಸೂರ್ಯದರ್ಶನವಾಗದೆ ಉಣ್ಣುವುದಿಲ್ಲವೆಂದು ಸಂಕಲ್ಪ ಮಾಡಿಕೊಂಡರು. ಮಳೆಗಾಲದ ಆಕಾಶದಲ್ಲಿ ಸೂರ್ಯನು ಕಾಣಿಸಿಕೊಳ್ಳುವುದು ಸುಲಭವೆ? ಮಕ್ಕಳು ಹೊರಗೆ ನಿಂತು ಮುಗಿಲನ್ನೇ ನೋಡುತ್ತಿದ್ದರು. ಮೋಡ ಸರಿದು ಬಿಸಿಲು ಮಿನುಗಿದೊಡನೆ ಓಡಿಹೋಗಿ ತಾಯಿಗೆ ತಿಳಿಸುತ್ತಿದ್ದರು. ಆಕೆ ಹೊರಗೆ ಬರುವಷ್ಟರಲ್ಲಿ ಸೂರ್ಯನು ಮತ್ತೆ ಮರೆಯಾಗಿರುತ್ತಿದ್ದನು. ಇಂದು ತಾನು ಉಣ್ಣುವುದು ದೇವರಿಗೆ ಇಷ್ಟವಿಲ್ಲವೆಂದು ಹೇಳಿ ಆ ತಾಯಿ ನಗುಮುಖದಿಂದಲೇ ಮನೆಗೆಲಸಕ್ಕೆ ಹಿಂದಿರುಗುತ್ತಿದ್ದರು. ಊಟವೆಂಬುದು ಕೈಗೆ ಸಿಕ್ಕಾಗ ಬಾಯಿಗೆ ಹಾಕಿಕೊಳ್ಳುವ ವಸ್ತುವಲ್ಲ, ಅದರ ಹಿಂದೆ ಒಂದು ಸಂಕಲ್ಪವಿರಬೇಕು ಎಂಬ ಪಾಠವನ್ನು ಬಾಲಕ ಮೋಹನದಾಸನು ಹೀಗೆ ಮನೆಯಲ್ಲಿಯೇ ಕಲಿತನು.

ಕಲಿತ ಪಾಠವನ್ನು ಮರೆಯುವ ಕಾಲವೂ ಬಂದಿತು. ರಾಜಕೋಟೆಯ ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ ಅವನಿಗೆ ಒಬ್ಬ ಗೆಳೆಯ ದೊರೆತನು. ಇಂಗ್ಲಿಷರು ಮಾಂಸ ತಿನ್ನುವುದರಿಂದಲೇ ಬಲಿಷ್ಠರಾಗಿ ನಮ್ಮನ್ನು ಆಳುತ್ತಿದ್ದಾರೆ, ನಾವೂ ಮಾಂಸ ತಿಂದರೆ ಅವರನ್ನು ಸೋಲಿಸಬಹುದು ಎಂದು ಆ ಗೆಳೆಯನ ವಾದ. ಮೋಹನದಾಸನು ಕತ್ತಲೆಗೆ ಅಂಜುವ ಬಾಲಕ, ಶರೀರವೂ ಕೃಶ. ಗೆಳೆಯನ ಮಾತು ಅವನಿಗೆ ಹಿಡಿಸಿತು. ಇಬ್ಬರೂ ಹೊಳೆಯ ದಂಡೆಯ ಏಕಾಂತದಲ್ಲಿ ಸೇರಿ ಆಡಿನ ಮಾಂಸವನ್ನು ತಿಂದರು. ಆ ರಾತ್ರಿ ಮೋಹನದಾಸನಿಗೆ ನಿದ್ರೆ ಹತ್ತಲಿಲ್ಲ. ಹೊಟ್ಟೆಯೊಳಗೆ ಜೀವಂತ ಆಡೊಂದು ಅರಚುತ್ತಿರುವಂತೆ ಭಾಸವಾಯಿತು. ಆದರೂ ಸುಮಾರು ಒಂದು ವರ್ಷದ ಅವಧಿಯಲ್ಲಿ ಇಂಥ ಗುಪ್ತ ಭೋಜನ ಐದಾರು ಸಲ ನಡೆಯಿತು.

ಅಂಥ ದಿನಗಳಲ್ಲಿ ಮನೆಗೆ ಬಂದರೆ ತಾಯಿ ಊಟಕ್ಕೆ ಕರೆಯುವಳು. ಹಸಿವಿಲ್ಲ, ಉಂಡದ್ದು ಅರಗಿಲ್ಲ ಎಂದು ಮಗನು ನೆಪ ಹೇಳಬೇಕಾಗುತ್ತಿತ್ತು. ಈ ಸುಳ್ಳು ಅವನನ್ನು ಸುಡತೊಡಗಿತು. ಮಾಂಸ ತಿನ್ನುವುದು ತಪ್ಪೋ ಸರಿಯೋ ಎಂಬುದನ್ನು ಅವನು ಆಗ ನಿರ್ಧರಿಸಿರಲಿಲ್ಲ. ತಂದೆತಾಯಿಗಳಿಗೆ ಸುಳ್ಳು ಹೇಳಿ ತಿನ್ನುವುದಂತೂ ತಪ್ಪೆಂದು ನಿರ್ಧರಿಸಿದನು. ಅವರು ಬದುಕಿರುವವರೆಗೆ ಮಾಂಸವನ್ನು ಮುಟ್ಟುವುದಿಲ್ಲವೆಂದು ಗೆಳೆಯನಿಗೆ ತಿಳಿಸಿ ಆ ಅಭ್ಯಾಸವನ್ನು ಕೈಬಿಟ್ಟನು. ಯಾವ ಊಟವನ್ನು ಮುಚ್ಚುಮರೆಯಿಲ್ಲದೆ, ಎಲ್ಲರೆದುರು, ನಿಜ ಹೇಳಿ ಉಣ್ಣಲಾಗುವುದಿಲ್ಲವೋ ಆ ಊಟ ತನಗೆ ಸಲ್ಲದು ಎಂಬ ಅರಿವು ಅಂದು ಮೂಡಿತು. ಊಟಕ್ಕೂ ಸತ್ಯಕ್ಕೂ ಗಂಟು ಬಿದ್ದುದು ಇಲ್ಲಿಯೇ.

1888ರ ಸೆಪ್ಟೆಂಬರ್ ತಿಂಗಳಲ್ಲಿ ಗಾಂಧಿಯವರು ನ್ಯಾಯಶಾಸ್ತ್ರವನ್ನು ಓದಲು ಇಂಗ್ಲೆಂಡಿಗೆ ಹೊರಟರು. ಆಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಪರದೇಶದಲ್ಲಿ ಮಗನು ಕೆಟ್ಟುಹೋಗುವನೋ ಎಂದು ತಾಯಿಗೆ ಭಯ. ಬೇಚರಜಿ ಸ್ವಾಮಿಯೆಂಬ ಜೈನಮುನಿಗಳ ಸಮ್ಮುಖದಲ್ಲಿ ಗಾಂಧಿಯವರು ಮದ್ಯಮಾಂಸಗಳನ್ನು ಮುಟ್ಟುವುದಿಲ್ಲವೆಂದೂ ಶೀಲವನ್ನು ಕಾಪಾಡಿಕೊಳ್ಳುವೆನೆಂದೂ ಪ್ರತಿಜ್ಞೆ ಮಾಡಿದರು. ತಾಯಿ ಹರಸಿ ಕಳುಹಿಸಿಕೊಟ್ಟರು. ಹಡಗಿನಲ್ಲಿಯೇ ಪ್ರತಿಜ್ಞೆಯ ಪರೀಕ್ಷೆ ಆರಂಭವಾಯಿತು. ಬಡಿಸಿದ ತಿನಿಸುಗಳಲ್ಲಿ ಮಾಂಸವಿಲ್ಲದುದು ಯಾವುದೆಂದು ಕೇಳಲು ಅವರಿಗೆ ಸಂಕೋಚ. ಮನೆಯಿಂದ ತಂದಿದ್ದ ಸಿಹಿತಿಂಡಿ ಹಣ್ಣುಗಳಿಂದಲೇ ದಿನಗಳನ್ನು ಕಳೆದರು.

ಲಂಡನ್ನಿನಲ್ಲಿ ಸ್ಥಿತಿ ಇನ್ನೂ ಕಠಿಣವಾಯಿತು. ಉಪ್ಪುಖಾರವಿಲ್ಲದೆ ಬೇಯಿಸಿದ ಸೊಪ್ಪು, ಬ್ರೆಡ್ಡು, ಜಾಮು, ಇವೇ ಮಧ್ಯಾಹ್ನದ ಊಟ. ಎರಡು ಮೂರು ತುಂಡಿಗಿಂತ ಹೆಚ್ಚು ಬ್ರೆಡ್ಡನ್ನು ಕೇಳಲು ನಾಚಿಕೆ. ತಾರುಣ್ಯದ ಹಸಿವು ಹೊಟ್ಟೆಯನ್ನು ಸುಡುತ್ತಿತ್ತು. ಓದುಬರಹವಿಲ್ಲದ ತಾಯಿಯ ಮುಂದೆ, ಈ ದೇಶದ ಸ್ಥಿತಿಗತಿಗಳನ್ನು ತಿಳಿಯದೆ ಮಾಡಿದ ಪ್ರತಿಜ್ಞೆಗೆ ಬೆಲೆಯಿಲ್ಲವೆಂದು ಅಲ್ಲಿದ್ದ ಮಿತ್ರರೊಬ್ಬರು ವಾದಿಸಿದರು. ವಾದದಲ್ಲಿ ಅವರನ್ನು ಗೆಲ್ಲುವ ಶಕ್ತಿ ಗಾಂಧಿಯವರಿಗೆ ಇರಲಿಲ್ಲ. ಕೊಟ್ಟ ಮಾತು ಕೊಟ್ಟ ಮಾತೇ ಎಂಬ ಒಂದು ಉತ್ತರವನ್ನು ಮಾತ್ರ ಅವರು ಬಿಡದೆ ಹಿಡಿದರು. ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದು ಸಸ್ಯಾಹಾರದ ಉಪಾಹಾರಗೃಹವನ್ನು ಹುಡುಕಿದರು. ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಅಂಥದೊಂದು ಕಣ್ಣಿಗೆ ಬಿದ್ದಾಗ ಅವರಿಗಾದ ಆನಂದ ಅಷ್ಟಿಷ್ಟಲ್ಲ. ಬಾಗಿಲ ಬಳಿಯ ಗಾಜಿನ ಕಿಟಕಿಯಲ್ಲಿ ಮಾರಾಟಕ್ಕಿಟ್ಟಿದ್ದ ಹೆನ್ರಿ ಸಾಲ್ಟ್ ಎಂಬುವರ ಪುಸ್ತಕವನ್ನು ಒಂದು ಶಿಲಿಂಗಿಗೆ ಕೊಂಡು ಒಳಗೆ ಹೋದರು. ಇಂಗ್ಲೆಂಡಿಗೆ ಬಂದ ಮೇಲೆ ಹೊಟ್ಟೆ ತುಂಬ ಉಂಡದ್ದು ಅಂದೇ ಮೊದಲು. ಆ ಪುಸ್ತಕವನ್ನು ಓದಿದ ಮೇಲೆ, ಅದುವರೆಗೆ ತಾಯಿಯ ಮಾತಿಗಾಗಿ ನಡೆಸುತ್ತಿದ್ದ ಸಸ್ಯಾಹಾರವನ್ನು ತಮ್ಮ ಸ್ವಂತ ವಿಚಾರದಿಂದಲೂ ಒಪ್ಪಿಕೊಂಡರು.

ಅದೇ ಮಿತ್ರರು ಒಮ್ಮೆ ಅವರನ್ನು ಹಾಲ್ಬರ್ನ್ ಎಂಬ ದೊಡ್ಡ ಭೋಜನಶಾಲೆಗೆ ಕರೆದೊಯ್ದರು. ಅಂಥ ವೈಭವದ ನಡುವೆ ಗಾಂಧಿಯವರು ಏನನ್ನೂ ಪ್ರಶ್ನಿಸಲಾರರೆಂದು ಅವರ ಎಣಿಕೆ. ಮೊದಲು ಸಾರು ಬಂದಿತು. ಅದರಲ್ಲಿ ಏನಿದೆಯೆಂದು ಮಿತ್ರರನ್ನು ಕೇಳಲು ಧೈರ್ಯ ಸಾಲದೆ ಗಾಂಧಿಯವರು ಬಡಿಸುವವನನ್ನು ಕರೆದರು. ಮಿತ್ರರು ಸಿಟ್ಟಾದರು; ಸಭ್ಯರ ನಡುವೆ ಹೀಗೆ ನಡೆದುಕೊಳ್ಳುವುದಾದರೆ ಹೊರಗೆ ಹೋಗಿ ಬೇರೆಲ್ಲಾದರೂ ಉಂಡು ತಮಗಾಗಿ ಕಾಯಬೇಕೆಂದು ಗದರಿಸಿದರು. ಗಾಂಧಿಯವರು ಎದ್ದು ಹೊರಗೆ ನಡೆದರು. ಹತ್ತಿರದಲ್ಲಿದ್ದ ಸಸ್ಯಾಹಾರದ ಅಂಗಡಿ ಮುಚ್ಚಿತ್ತು. ಆ ರಾತ್ರಿ ಅವರು ಉಪವಾಸವಿದ್ದರು. ಅನಂತರ ಮಿತ್ರರೊಡನೆ ನಾಟಕಕ್ಕೆ ಹೋದರು. ನಡೆದುದರ ವಿಚಾರವನ್ನು ಇಬ್ಬರೂ ಎತ್ತಲಿಲ್ಲ, ಸ್ನೇಹವೂ ಕೆಡಲಿಲ್ಲ. ಬಟ್ಟಲಲ್ಲಿ ಏನಿದೆಯೆಂದು ಕೇಳಿ ತಿಳಿದು ಉಣ್ಣುವುದಕ್ಕೂ ಕೆಲವೊಮ್ಮೆ ಧೈರ್ಯ ಬೇಕಾಗುತ್ತದೆ.

ಲಂಡನ್ನಿನ ವಾಸದಲ್ಲಿ ಅವರು ಮತ್ತೊಂದು ಸಂಗತಿಯನ್ನು ಕಂಡುಕೊಂಡರು. ಊರಿನಿಂದ ತರಿಸಿಕೊಳ್ಳುತ್ತಿದ್ದ ಸಿಹಿತಿಂಡಿ, ಮಸಾಲೆಗಳನ್ನು ನಿಲ್ಲಿಸಿದರು. ಕೆಲವು ಕಾಲ ಕಳೆದ ಮೇಲೆ, ಮೊದಲು ಸಪ್ಪೆಯೆಂದು ತಳ್ಳಿದ್ದ ಬೇಯಿಸಿದ ಸೊಪ್ಪೇ ರುಚಿಕರವೆನಿಸಿತು. ಸೊಪ್ಪು ಬದಲಾಗಿರಲಿಲ್ಲ, ನಾಲಗೆಯೂ ಅದೇ. ಬದಲಾಗಿದ್ದುದು ಮನಸ್ಸು. ರುಚಿಯ ನಿಜವಾದ ನೆಲೆ ನಾಲಗೆಯಲ್ಲ, ಮನಸ್ಸು ಎಂಬ ನಿರ್ಣಯಕ್ಕೆ ಅವರು ಬಂದರು. ಕೆಲವು ದಿನ ಮೊಟ್ಟೆಯನ್ನು ಸೇವಿಸಿ ನೋಡಿದರು. ಮೊಟ್ಟೆ ಮಾಂಸವಲ್ಲವೆಂದು ಹೇಳುವವರಿದ್ದರು. ಆದರೆ ಪ್ರತಿಜ್ಞೆ ಮಾಡಿಸಿದ ತಾಯಿಯ ಮನಸ್ಸಿನಲ್ಲಿ ಮಾಂಸವೆಂಬ ಮಾತಿಗೆ ಮೊಟ್ಟೆಯೂ ಸೇರಿತ್ತು. ಮಾತಿನ ಸಂದಿಯಲ್ಲಿ ನುಸುಳಿ ಪಾರಾಗುವುದು ಅವರಿಗೆ ಹಿಡಿಸಲಿಲ್ಲ. ಮೊಟ್ಟೆಯನ್ನು ಬಿಟ್ಟರು. ಮೊಟ್ಟೆ ಬೆರೆತ ಸಿಹಿತಿಂಡಿಗಳನ್ನೂ ವಿಚಾರಿಸಿ ದೂರವಿಟ್ಟರು. ಒಂದೇ ಕೊಠಡಿಯಲ್ಲಿದ್ದು, ಬೆಳಗಿನ ಓಟ್ಸ್ ಗಂಜಿ ಹಾಗೂ ಕೋಕೋವನ್ನು ತಾವೇ ಒಲೆಯ ಮೇಲೆ ಸಿದ್ಧಪಡಿಸಿಕೊಂಡು, ದಿನದ ಊಟದ ವೆಚ್ಚವನ್ನು ಒಂದು ಶಿಲಿಂಗ್ ಮೂರು ಪೆನ್ಸಿಗೆ ಇಳಿಸಿದರು. ಈ ಸರಳತೆಯಿಂದ ಜೀವನ ನೀರಸವಾಗಲಿಲ್ಲ, ಇನ್ನಷ್ಟು ಸತ್ಯವಾಯಿತೆಂದು ಅವರಿಗೆ ತೋರಿತು.

1891ರಲ್ಲಿ ಬ್ಯಾರಿಸ್ಟರ್ ಆಗಿ ಸ್ವದೇಶಕ್ಕೆ ಮರಳಿದಾಗ, ಪ್ರತಿಜ್ಞೆಯನ್ನು ಉಳಿಸಿಕೊಂಡು ಬಂದೆನೆಂದು ಹೇಳಲು ತಾಯಿ ಬದುಕಿರಲಿಲ್ಲ. ಪರದೇಶದಲ್ಲಿ ಮಗನಿಗೆ ಆಘಾತವಾಗಬಾರದೆಂದು ಬಂಧುಗಳು ಮರಣವಾರ್ತೆಯನ್ನು ಅವರಿಗೆ ಮುಟ್ಟಿಸಿರಲಿಲ್ಲ. ತಾಯಿ ಹೋದರೂ ಮಾತು ಉಳಿಯಿತು.

1893ರಲ್ಲಿ ಗಾಂಧಿಯವರು ದಕ್ಷಿಣ ಆಫ್ರಿಕಕ್ಕೆ ಹೋದರು. ಭಾರತೀಯರಿಗೆ ಅಲ್ಲಿ ಆಗುತ್ತಿದ್ದ ಅವಮಾನಗಳ ವಿರುದ್ಧ ಹೋರಾಡುತ್ತಿದ್ದಾಗಲೇ ಅವರ ಆಹಾರಪ್ರಯೋಗಗಳೂ ಮುಂದುವರಿದವು. ಆಗಾಗ್ಗೆ ತಲೆನೋವು ಬರುತ್ತಿತ್ತು. ಬೆಳಗಿನ ಉಪಾಹಾರವನ್ನು ಬಿಟ್ಟು ನೋಡಿದರು. ಕೆಲವು ದಿನ ಕಷ್ಟವಾದರೂ ತಲೆನೋವು ಮಾಯವಾಯಿತು. ತಾವು ಅಗತ್ಯಕ್ಕಿಂತ ಹೆಚ್ಚು ಉಣ್ಣುತ್ತಿದ್ದುದೇ ತಲೆನೋವಿಗೆ ಕಾರಣವೆಂದು ಅವರು ತಿಳಿದುಕೊಂಡರು. ಜೋಹಾನ್ಸ್‌ಬರ್ಗಿನ ಮನೆಯಲ್ಲಿ ಏಳು ಪೌಂಡು ಕೊಟ್ಟು ಒಂದು ಕೈಗಿರಣಿಯನ್ನು ಕೊಂಡರು. ಅದರ ಕಬ್ಬಿಣದ ಚಕ್ರ ಒಬ್ಬರಿಗೆ ಭಾರ. ಇಬ್ಬರು ಸೇರಿದರೆ ಸುಲಭವಾಗಿ ತಿರುಗುತ್ತಿತ್ತು. ಗಾಂಧಿಯವರೂ ಅವರ ಮಿತ್ರರಾದ ಪೋಲಕ್ ಅವರೂ ಗೋಧಿಯನ್ನು ಬೀಸುತ್ತಿದ್ದರು. ಕಸ್ತೂರಬಾ ಅವರೂ ಕೈಜೋಡಿಸುತ್ತಿದ್ದರು. ಬೀಸಿದ ಹಿಟ್ಟಿನಲ್ಲಿ ಮನೆಯಲ್ಲಿಯೇ ರೊಟ್ಟಿಯಾಗುತ್ತಿತ್ತು. ತಾನು ಬೀಸಿದ ಹಿಟ್ಟಿನ ಬೆಲೆ ಬೀಸಿದವನಿಗೆ ಗೊತ್ತು. ಅಂಥ ರೊಟ್ಟಿಯ ಒಂದು ಚೂರನ್ನು ಸಹ ಚೆಲ್ಲಲು ಮನಸ್ಸು ಬಾರದು.

ಅಲ್ಲಿದ್ದಾಗಲೇ ಕಸ್ತೂರಬಾ ಅವರು ತೀವ್ರವಾದ ಕಾಯಿಲೆಗೆ ಗುರಿಯಾದರು. ಶಸ್ತ್ರಚಿಕಿತ್ಸೆಯಾದ ಮೇಲೂ ರೋಗ ಮರುಕಳಿಸಿತು. ಉಪ್ಪನ್ನೂ ಬೇಳೆಯನ್ನೂ ಬಿಟ್ಟರೆ ಗುಣವಾಗಬಹುದೆಂದು ಗಾಂಧಿಯವರು ಎಷ್ಟು ಹೇಳಿದರೂ ಆಕೆ ಒಪ್ಪಲಿಲ್ಲ. ವೈದ್ಯರು ಹೇಳಿದರೆ ನೀವಾದರೂ ಇವನ್ನು ಬಿಡಲಾರಿರಿ ಎಂದು ಗಂಡನಿಗೇ ಸವಾಲು ಹಾಕಿದರು. ಗಾಂಧಿಯವರಿಗೆ ನೋವಾಯಿತು, ಸಂತೋಷವೂ ಆಯಿತು. ಪತ್ನಿ ಬಿಡಲಿ ಬಿಡದಿರಲಿ, ತಾವು ಒಂದು ವರ್ಷ ಉಪ್ಪು ಬೇಳೆಗಳನ್ನು ಬಿಟ್ಟಿರುವುದಾಗಿ ಆ ಕ್ಷಣದಲ್ಲಿಯೇ ಹೇಳಿದರು. ಕಸ್ತೂರಬಾ ಕಣ್ಣೀರಿಟ್ಟರು, ತಾವೂ ಬಿಡುವುದಾಗಿ ಹೇಳಿ, ಪ್ರತಿಜ್ಞೆಯನ್ನು ಹಿಂತೆಗೆದುಕೊಳ್ಳಬೇಕೆಂದು ಬೇಡಿಕೊಂಡರು. ಗಾಂಧಿಯವರು ಹಿಂತೆಗೆಯಲಿಲ್ಲ. ಆಕೆಯ ಆರೋಗ್ಯ ಸುಧಾರಿಸಿತು. ಅದು ಪಥ್ಯದಿಂದಲೇ ಸುಧಾರಿಸಿತೆಂದು ಗಾಂಧಿಯವರು ಸಾಧಿಸಲು ಹೋಗಲಿಲ್ಲ. ಇನ್ನೊಬ್ಬರ ನಾಲಗೆಗೆ ಕಟ್ಟು ಹಾಕುವ ಮೊದಲು ತನ್ನ ನಾಲಗೆಗೆ ಹಾಕಿಕೊಳ್ಳಬೇಕೆಂಬುದು ಮಾತ್ರ ಈ ಪ್ರಸಂಗದಿಂದ ಸ್ಪಷ್ಟವಾಗುತ್ತದೆ.

1910ರಲ್ಲಿ ಜರ್ಮನ್ ಮಿತ್ರರಾದ ಕ್ಯಾಲನ್‌ಬಾಕ್ ಅವರು ಒದಗಿಸಿದ 1,100 ಎಕರೆ ಭೂಮಿಯಲ್ಲಿ ಟಾಲ್‌ಸ್ಟಾಯ್ ಆಶ್ರಮ ಪ್ರಾರಂಭವಾಯಿತು. ಸತ್ಯಾಗ್ರಹಿಗಳ ಕುಟುಂಬಗಳು ಅಲ್ಲಿ ನೆಲೆಸಿದವು. ಹಿಂದೂಗಳು, ಮುಸಲ್ಮಾನರು, ಪಾರಸಿಗಳು, ಕ್ರೈಸ್ತರು ಎಲ್ಲರಿಗೂ ಒಂದೇ ಅಡಿಗೆಮನೆ, ಒಂದೇ ಪಂಕ್ತಿ. ಉಂಡ ಪಾತ್ರೆಯನ್ನು ಅವರವರೇ ತೊಳೆಯಬೇಕು. ರಂಜಾನ್ ಮಾಸ ಬಂದಾಗ ಮುಸಲ್ಮಾನ ಬಾಲಕರು ರೋಜಾ ಆಚರಿಸಿದರು. ಇತರ ಮಕ್ಕಳೂ ಅವರಿಗೆ ಜೊತೆಯಾಗಿ ಒಪ್ಪೊತ್ತಿನ ಊಟ ಮಾಡಿದರು. ಮುಸಲ್ಮಾನರು ಸೂರ್ಯಾಸ್ತದವರೆಗೆ ಕಾಯಬೇಕು; ಉಳಿದವರು ಅದಕ್ಕೆ ಮೊದಲೇ ಊಟ ಮುಗಿಸಿ, ಉಪವಾಸ ಬಿಡುವ ಗೆಳೆಯರಿಗೆ ಅಡಿಗೆ ಮಾಡಿ ಬಡಿಸಲು ಸಿದ್ಧರಾಗುತ್ತಿದ್ದರು. ಪಕ್ಕದಲ್ಲಿ ಕುಳಿತವನ ಹಸಿವನ್ನು ಅರಿಯುವುದೂ ಊಟದ ಅರಿವಿನ ಒಂದು ಭಾಗವೆಂದು ಆ ಮಕ್ಕಳು ಕಲಿತರು.

1915ರಲ್ಲಿ ಗಾಂಧೀಜಿ ಭಾರತಕ್ಕೆ ಹಿಂದಿರುಗಿದರು. ಅವರು ಹೋದಲ್ಲೆಲ್ಲ ಜನರು ಆದರದಿಂದ ಸತ್ಕರಿಸಿದರು. ಕಲ್ಕತ್ತೆಯಲ್ಲಿ ಅವರೊಬ್ಬರಿಗಾಗಿ ನಾನಾ ಬಗೆಯ ಹಣ್ಣುಗಳನ್ನೂ ಒಣಹಣ್ಣುಗಳನ್ನೂ ತರಿಸಿದರು. ಮನೆಯ ಹೆಂಗಸರು ರಾತ್ರಿಯೆಲ್ಲ ಕುಳಿತು ಅವುಗಳ ಸಿಪ್ಪೆ ಸುಲಿದರು. ಸರಳವಾಗಿರಬೇಕೆಂದು ಹೊರಟ ತಮ್ಮ ಊಟವೇ ಇತರರಿಗೆ ಇಷ್ಟು ಶ್ರಮ, ಇಷ್ಟು ಖರ್ಚು ತರುತ್ತಿರುವುದನ್ನು ಕಂಡು ಗಾಂಧೀಜಿಗೆ ಸಂಕಟವಾಯಿತು. ಅದೇ ವರ್ಷ ಹರಿದ್ವಾರದ ಕುಂಭಮೇಳದಲ್ಲಿ ಅವರು ಒಂದು ವ್ರತವನ್ನು ಕೈಕೊಂಡರು: ಭಾರತದಲ್ಲಿರುವಾಗ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಐದು ಪದಾರ್ಥಗಳಿಗಿಂತ ಹೆಚ್ಚು ಸೇವಿಸಬಾರದು, ಕತ್ತಲಾದ ಮೇಲೆ ಊಟ ಮಾಡಬಾರದು. ತಾವು ಅಹಮದಾಬಾದಿನ ಬಳಿ ಸ್ಥಾಪಿಸಿದ ಆಶ್ರಮದ ವ್ರತಗಳಲ್ಲಿ ಅಸ್ವಾದವನ್ನೂ ಸೇರಿಸಿದರು. ಅಸ್ವಾದವೆಂದರೆ ನಾಲಗೆಯ ಚಪಲಕ್ಕೆ ದಾಸನಾಗದೆ, ಶರೀರಕ್ಕೆ ಬೇಕಾದಷ್ಟನ್ನು ಔಷಧಿಯಂತೆ ಅಳೆದು ಸೇವಿಸುವುದು.

ಇಷ್ಟು ಎಚ್ಚರವಿದ್ದವರು ಕೂಡ ಒಮ್ಮೆ ಎಡವಿದರು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದು ದಣಿದಿದ್ದರು. ಹೊಟ್ಟೆ ಸ್ವಲ್ಪ ಕೆಟ್ಟಿತ್ತು. ಊಟ ಬಿಟ್ಟರೆ ಸರಿಹೋಗುವುದೆಂದು ಅವರು ಬಲ್ಲರು. ಅಂದು ಹಬ್ಬ. ಕಸ್ತೂರಬಾ ಅವರು ಗೋಧಿಯ ಸಿಹಿಗಂಜಿಯನ್ನೂ ಒಂದು ಬಟ್ಟಲು ಹೆಸರುಕಾಳನ್ನೂ ತಂದಿಟ್ಟರು. ಪತ್ನಿಯನ್ನು ಸಂತೋಷಗೊಳಿಸಲು ಸ್ವಲ್ಪ ರುಚಿ ನೋಡೋಣವೆಂದು ಗಾಂಧೀಜಿ ಕೈಯಿಟ್ಟರು. ನಾಲಗೆ ಗೆದ್ದಿತು, ಹೊಟ್ಟೆ ತುಂಬ ಉಂಡರು. ಒಂದು ಗಂಟೆ ಕಳೆಯುವುದರೊಳಗೆ ಆಮಶಂಕೆ ಉಗ್ರರೂಪ ತಾಳಿತು. ಅಂದು ಸಂಜೆ ರೈಲಿನಲ್ಲಿ ನಡಿಯಾದಿಗೆ ಹೋಗಲೇಬೇಕಾಗಿತ್ತು. ಹೇಗೋ ಹೋಗಿ ತಲಪಿದರು, ಹಾಸಿಗೆ ಹಿಡಿದರು. ದಿನದಿನಕ್ಕೆ ದೇಹ ಕುಗ್ಗಿತು. ಸಾವು ಬಾಗಿಲಿಗೆ ಬಂದಿದೆಯೆಂದೇ ಅವರು ಭಾವಿಸಿದ ಒಂದು ರಾತ್ರಿಯೂ ಬಂದಿತು. ಈ ಕಾಯಿಲೆಗೆ ಅವರು ಅಡಿಗೆ ಮಾಡಿದವರನ್ನು ದೂರಲಿಲ್ಲ, ದೈವವನ್ನೂ ದೂರಲಿಲ್ಲ. ತಿಳಿದೂ ತಿಳಿದೂ ನಾಲಗೆಗೆ ಸೋತ ತಮ್ಮ ಮೂಢತನವನ್ನೇ ದೂರಿಕೊಂಡು, ಅದನ್ನು ಆತ್ಮಕಥೆಯಲ್ಲಿ ಬಿಚ್ಚಿ ಬರೆದರು.

ಶಕ್ತಿ ಮರಳಬೇಕಾದರೆ ಹಾಲು ಕುಡಿಯಲೇಬೇಕೆಂದು ಮುಂಬಯಿಯ ವೈದ್ಯರು ಹೇಳಿದರು. ಹೆಚ್ಚು ಹಾಲು ಕರೆಯುವ ಆಸೆಯಿಂದ ಹಸು ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯನ್ನು ತಿಳಿದು ಗಾಂಧೀಜಿ 1912ರಲ್ಲಿಯೇ ಹಾಲನ್ನು ಬಿಟ್ಟಿದ್ದರು. ಆಡಿನ ಹಾಲಿಗೆ ಆಕ್ಷೇಪಣೆಯಿರಲಾರದೆಂದು ಕಸ್ತೂರಬಾ ಸೂಚಿಸಿದರು. ಬದುಕಿ ಕೆಲಸ ಮಾಡಬೇಕೆಂಬ ಆಸೆ ಬಲವಾಗಿತ್ತು. ಗಾಂಧೀಜಿ ಒಪ್ಪಿದರು, ಚೇತರಿಸಿಕೊಂಡರು. ಆದರೂ ಪ್ರತಿಜ್ಞೆಯ ಅಕ್ಷರವನ್ನು ಉಳಿಸಿ ಭಾವವನ್ನು ಬಿಟ್ಟೆನೆಂಬ ಕೊರಗು ಅವರಿಗೆ ತಪ್ಪಲಿಲ್ಲ. ತಮ್ಮನ್ನು ನೋಡಿ ಹಾಲು ಬಿಟ್ಟವರು, ಅದರಿಂದ ಸ್ಪಷ್ಟವಾದ ಪ್ರಯೋಜನ ಕಾಣದಿದ್ದರೆ, ಹಟ ಹಿಡಿಯಬಾರದೆಂದು ಅವರು ಎಚ್ಚರಿಸಿದರು. ಕಸ್ತೂರಬಾ ಅವರ ಸಮಯೋಚಿತ ಬುದ್ಧಿಯಿಂದ ಉಳಿದ ಆ ಜೀವ ಮುಂದೆ ಮೂವತ್ತು ವರ್ಷ ದೇಶಕ್ಕೆ ದುಡಿಯಿತು.

1927ರಲ್ಲಿ ಅತಿಯಾದ ಪ್ರವಾಸದಿಂದ ಆರೋಗ್ಯ ಕೆಟ್ಟಾಗ ಗಾಂಧೀಜಿ ನಮ್ಮ ನಾಡಿನ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು, ಅನಂತರ ಬೆಂಗಳೂರಿನಲ್ಲಿ ಉಳಿದರು. ಆಗ ಅಲ್ಲಿನ ಸರಕಾರಿ ಹೈನು ಕೇಂದ್ರಕ್ಕೆ ಹೋಗಿ ದನಗಳ ಪಾಲನೆಯ ವಿಷಯವನ್ನು ವಿದ್ಯಾರ್ಥಿಯಂತೆ ಕೇಳಿ ತಿಳಿದುಕೊಂಡರು. ಹಾಲಿನ ಲೋಟದ ಹಿಂದೆ ಒಂದು ಮೂಕಪ್ರಾಣಿ ಇದೆಯೆಂಬುದನ್ನು ಅವರು ಮರೆತವರಲ್ಲ.

ಅವರ ಪ್ರಯೋಗಗಳೆಲ್ಲ ಸಫಲವಾಗಲಿಲ್ಲ. 1929ರಲ್ಲಿ ಬೇಯಿಸದ ಹಸಿ ಆಹಾರದಿಂದಲೇ ಬದುಕಬಹುದೆ ಎಂದು ಪರೀಕ್ಷಿಸಿದರು, ದೇಹ ಸೋತಿತು, ಪ್ರಯೋಗವನ್ನು ನಿಲ್ಲಿಸಿದರು. ಆರಂಭದ ಉತ್ಸಾಹವನ್ನು ಪತ್ರಿಕೆಯಲ್ಲಿ ಪ್ರಕಟಿಸಿದಂತೆ ಕೊನೆಯ ಸೋಲನ್ನೂ ಪ್ರಕಟಿಸಿದರು. ಸತ್ಯಶೋಧಕನಿಗೆ ಇದೇ ಲಕ್ಷಣ.

1930ರ ಮಾರ್ಚ್ 12ರಂದು ದಂಡಿಯಾತ್ರೆ ಹೊರಟಿತು. ಪತ್ನಿಯ ಆರೋಗ್ಯಕ್ಕಾಗಿ ಉಪ್ಪನ್ನು ಬಿಟ್ಟಿದ್ದವರೇ ಈಗ ಬಡವರ ಗಂಜಿಗೆ ಬೀಳುವ ಉಪ್ಪಿನ ಮೇಲಣ ತೆರಿಗೆಯನ್ನು ಪ್ರತಿಭಟಿಸಲು ಸಮುದ್ರತೀರಕ್ಕೆ ನಡೆದರು. ದಾರಿಯ ಹಳ್ಳಿಗಳು ತಮಗೆ ಅತ್ಯಂತ ಸರಳವಾದ ಆಹಾರವನ್ನು ಮಾತ್ರ ಕೊಡಬೇಕೆಂದು ಮೊದಲೇ ತಿಳಿಸಿದ್ದರು. ಆದರೂ ಭಟಗಾಮ ಎಂಬ ಊರಿನ ಹೊತ್ತಿಗೆ ಯಾತ್ರಿಕರಿಗಾಗಿ ಸೂರತ್ತಿನಿಂದ ಮೋಟಾರಿನಲ್ಲಿ ಹಾಲು ತರಿಸುತ್ತಿದ್ದುದು ಅವರ ಗಮನಕ್ಕೆ ಬಂದಿತು. ಗಾಂಧೀಜಿ ಬಹಿರಂಗ ಸಭೆಯಲ್ಲಿ ತಮ್ಮವರನ್ನೂ ತಮ್ಮನ್ನೂ ಸೇರಿಸಿಯೇ ಕಠಿಣವಾಗಿ ಟೀಕಿಸಿದರು. ಬಡ ದೇಶದ ಪ್ರತಿನಿಧಿಗಳೆಂದು ಹೇಳಿಕೊಳ್ಳುವವರು ಬಡವನಿಗೆ ಎಟುಕದ ಊಟವನ್ನು ಉಣ್ಣುವುದು ಅಸತ್ಯವೆಂದು ಅವರಿಗೆ ಕಂಡಿತು.

1934ರಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಸ್ಥಾಪನೆಯಾಯಿತು. ವಾರ್ಧಾದ ಮಗನವಾಡಿಯಲ್ಲಿ ಜೆ. ಸಿ. ಕುಮಾರಪ್ಪನವರೊಡನೆ ಗಾಂಧೀಜಿ ಈ ಕಾರ್ಯದಲ್ಲಿ ತೊಡಗಿದರು. ಯಂತ್ರದಲ್ಲಿ ಹೊಳಪು ಕೊಟ್ಟ ಅಕ್ಕಿಗಿಂತ ಮನೆಯಲ್ಲಿ ಕುಟ್ಟಿದ ಅಕ್ಕಿಯೂ, ಸಕ್ಕರೆಗಿಂತ ಬೆಲ್ಲವೂ, ಜರಡಿ ಹಿಡಿಯದ ಹಿಟ್ಟೂ ಲೇಸೆಂದು ಪ್ರಚಾರ ಮಾಡಿದರು. ಅಕ್ಕಿಯ ಮೇಲಿನ ಪೊರೆಯಲ್ಲಿ ಬಿ1 ಜೀವಸತ್ವವಿದೆ. ಅದನ್ನು ಪೂರ್ತಿ ಉಜ್ಜಿ ತೆಗೆದ ಅಕ್ಕಿಯನ್ನೇ ನೆಚ್ಚಿದವರಿಗೆ ಬೆರಿಬೆರಿ ರೋಗ ಬರುತ್ತದೆಂದು ವಿಜ್ಞಾನಿಗಳು ಸ್ಥಾಪಿಸಿದ್ದರು. ಹಳ್ಳಿಯ ಬೇಲಿಗಳಲ್ಲಿ, ಹೊಲಗಳಲ್ಲಿ ಬೆಳೆಯುವ ಸೊಪ್ಪುಗಳನ್ನು ಗಾಂಧೀಜಿ ತಾವೇ ತಿಂದು ನೋಡಿದರು; ಮೂಲಂಗಿ, ಕ್ಯಾರೆಟ್ ಮುಂತಾದವುಗಳ ಎಲೆಗಳನ್ನು ಎಸೆಯಬಾರದೆಂದು ಬರೆದರು; ಸೋಯಾ ಅವರೆಯನ್ನು ಆಶ್ರಮದ ಅಡಿಗೆಗೆ ತಂದು ಪರೀಕ್ಷಿಸಿದರು. ಹಣವಿಲ್ಲದವನಿಗೂ ಪುಷ್ಟಿಯಾದ ಊಟ ಹೇಗೆ ದೊರಕೀತೆಂಬುದೇ ಅವರ ಚಿಂತೆ.

1942ರಲ್ಲಿ ಸೆರೆಯಾಗಿ ಪುಣೆಯ ಆಗಾಖಾನ್ ಅರಮನೆಯಲ್ಲಿದ್ದಾಗ ಆರೋಗ್ಯವನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಬರೆದರು. ದೇಹಕ್ಕೆ ದಿನಕ್ಕೆ ಏನೇನು ಎಷ್ಟೆಷ್ಟು ಬೇಕೆಂದು ಅದರಲ್ಲಿ ತೂಕಮಾಡಿ ಹೇಳಿದ್ದಾರೆ. ಧಾನ್ಯದ ಆಹಾರವನ್ನು ಚೆನ್ನಾಗಿ ಅಗಿದು ತಿನ್ನಬೇಕೆಂಬುದು ಅದರಲ್ಲಿನ ಒಂದು ಸಲಹೆ. ಇದರಲ್ಲಿ ತಥ್ಯವಿದೆ. ಪಿಷ್ಟದ ಜೀರ್ಣಕಾರ್ಯ ಬಾಯಿಯ ಜೊಲ್ಲುರಸದಿಂದಲೇ ಮೊದಲಾಗುತ್ತದೆ. ಗಡಿಬಿಡಿಯಲ್ಲಿ ನುಂಗಿದವನಿಗೆ ಹೊಟ್ಟೆ ತುಂಬಿದ ಅರಿವು ತಡವಾಗಿ ಬರುತ್ತದೆ. ಅಷ್ಟರಲ್ಲಿ ಊಟ ಮಿತಿ ಮೀರಿರುತ್ತದೆ. ಹಿಂದೆ ಮೊಟ್ಟೆಯನ್ನು ಬಿಟ್ಟಿದ್ದ ಗಾಂಧೀಜಿ ಈ ಪುಸ್ತಕದಲ್ಲಿ, ಹಾಲು ಕುಡಿಯುವವರಿಗೆ ಮರಿಯಾಗದ ಮೊಟ್ಟೆಯೂ ವರ್ಜ್ಯವಾಗಬೇಕಿಲ್ಲವೆಂದು ಒಪ್ಪಿದ್ದಾರೆ. ತಮಗೆ ವಿಧಿಸಿಕೊಂಡ ನಿಯಮವನ್ನು ಲೋಕಕ್ಕೆಲ್ಲ ಹೇರುವ ಹಟ ಅವರಲ್ಲಿರಲಿಲ್ಲ. ಅದೇ ಸೆರೆಯಲ್ಲಿ 1944ರ ಫೆಬ್ರವರಿ 22ರಂದು ಕಸ್ತೂರಬಾ ತೀರಿಕೊಂಡರು. ಉಪ್ಪನ್ನು ಬಿಡಿಸಿಕೊಂಡ, ಆಡಿನ ಹಾಲನ್ನು ಕುಡಿಸಿದ ಜೊತೆಗಾತಿ ಇಲ್ಲವಾದರು.

1948ರ ಜನವರಿ 30ರ ಸಂಜೆ ಗಾಂಧೀಜಿ ದೆಹಲಿಯಲ್ಲಿ ಸರ್ದಾರ್ ಪಟೇಲರೊಡನೆ ಮಾತನಾಡುತ್ತಲೇ ತಮ್ಮ ಮಿತವಾದ ಊಟವನ್ನು ಮಾಡಿದರು. ಆಡಿನ ಹಾಲು, ತರಕಾರಿ, ಕಿತ್ತಳೆ ಮುಂತಾದವು ಅದರಲ್ಲಿದ್ದ ಪದಾರ್ಥಗಳು. ಪ್ರಾರ್ಥನೆಗೆ ಹೊತ್ತಾಯಿತೆಂದು ಎದ್ದು ಹೊರಟರು. ಕೆಲವೇ ನಿಮಿಷಗಳಲ್ಲಿ ಕೊಲೆಗಾರನ ಗುಂಡಿಗೆ ಬಲಿಯಾದರು.

ಗಾಂಧೀಜಿ ಉಂಡುದನ್ನೇ ನಾವೂ ಉಣ್ಣಬೇಕೆಂದಿಲ್ಲ. ಆಯಾ ನಾಡಿಗೆ, ಆಯಾ ಮನೆಗೆ ತನ್ನದೇ ಆದ ಅಡಿಗೆಯಿದೆ. ಬೆಳೆಯುವ ವಯಸ್ಸಿನವರು ಅವರಂತೆ ಉಪವಾಸ ಮಾಡುವುದೂ ಸಲ್ಲದು. ಬೆಳೆಯುವ ದೇಹಕ್ಕೆ ತಕ್ಕಷ್ಟು ಆಹಾರ ಬೇಕೇಬೇಕು. ಅವರಿಂದ ಕಲಿಯಬೇಕಾದುದು ಬೇರೆ. ಬಟ್ಟಲಲ್ಲಿ ಏನಿದೆ, ಅದು ಎಲ್ಲಿಂದ ಬಂದಿತು, ಯಾರ ದುಡಿಮೆಯಿಂದ ಬಂದಿತು, ದೇಹಕ್ಕೆ ಎಷ್ಟು ಬೇಕು, ಪಕ್ಕದವನು ಉಂಡನೆ ಎಂಬ ಪ್ರಶ್ನೆಗಳನ್ನು ಅವರು ಅರವತ್ತು ವರ್ಷ ಬಿಡದೆ ಕೇಳಿಕೊಂಡರು. ಮರೆತಾಗ ಸೋತರು, ಸೋತಾಗ ಒಪ್ಪಿಕೊಂಡರು, ಒಪ್ಪಿಕೊಂಡು ತಿದ್ದಿಕೊಂಡರು. ದಿನಕ್ಕೆ ಎರಡು ಮೂರು ಸಲ ನಮ್ಮೆಲ್ಲರ ಮುಂದೆಯೂ ತಟ್ಟೆ ಬರುತ್ತದೆ. ಆ ಪ್ರಶ್ನೆಗಳನ್ನು ಕೇಳಿಕೊಳ್ಳಲು ಬೇರೆ ಹೊತ್ತು ಗೊತ್ತುಗಳು ಬೇಕಿಲ್ಲ. ಮೊದಲ ತುತ್ತನ್ನು ಎತ್ತುವಾಗ ಮನಸ್ಸು ಆ ತುತ್ತಿನ ಮೇಲಿದ್ದರೆ ಸಾಕು.